ಹಾವಿಲ್ಲದ ಮರುಭೂಮಿಗೆ ಒಬ್ಬ ಬೇಟೆಗಾರ

ನಾನು ಕಟ್ಟುತ್ತಿರುವ ಕಾಲ್ಪನಿಕ ಜಗತ್ತಿನಲ್ಲಿ ಹಾವು, ಹಲ್ಲಿಗಳ ವಂಶ ಅಳಿದು ಕೋಟ್ಯಂತರ ವರ್ಷಗಳಾಗಿವೆ. ಅಲ್ಲಿನ ಮರಳುದಿಬ್ಬಗಳಲ್ಲಿ ಹಾವಿನ ಕೆಲಸವನ್ನು ನಾನು ಒಪ್ಪಿಸಿದ್ದು ಒಂದು ಸಸ್ತನಿಗೆ. ಉದ್ದನೆಯ ಮೈ ಬಿಡಿಸಿ, ಕೊಂಬು ಅಂಟಿಸಿ, ಕೋರೆಹಲ್ಲು ಇಟ್ಟರೆ ಭಯಂಕರವಾಗಿ ಕಾಣುತ್ತದೆ, ನಿಜ. ಆದರೆ ಪೂರ್ವಜ ಯಾರೆಂದು ತೀರ್ಮಾನವಾಗದೆ ನಾನು ಪೆನ್ಸಿಲ್ ಮುಟ್ಟುವುದಿಲ್ಲ.

ಆರಿಸಿಕೊಂಡದ್ದು ಆಫ್ರಿಕಾದ ನಮೀಬ್ ಮರುಭೂಮಿಯ ಗೋಲ್ಡನ್ ಮೋಲ್ ಎಂಬ, ಮರಳು ಬಗೆಯುವ ಸಸ್ತನಿಯನ್ನು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಪ್ರಾಣಿ. ಕಣ್ಣಿನ ಮೇಲೆ ಚರ್ಮ ಮುಚ್ಚಿದೆ. ನಡುಗಿವಿಯ ಸುತ್ತಿಗೆ ಮೂಳೆ ಮಾತ್ರ ಆ ಗಾತ್ರದ ಜೀವಿಗೆ ತೀರಾ ದೊಡ್ಡದು. ತಲೆಯನ್ನು ಮರಳಿಗೆ ಹುದುಗಿಸಿ ನೆಲದ ಕಂಪನ ಆಲಿಸುತ್ತದೆ. ಅದಕ್ಕಿಂತ ನನಗೆ ಮುಖ್ಯವಾದದ್ದು ಇನ್ನೊಂದು. ಬಿಸಿರಕ್ತದ ಪ್ರಾಣಿಗೆ ತೆಳ್ಳನೆಯ ಉದ್ದ ಮೈ ದುಬಾರಿ. ಅಷ್ಟೇ ತೂಕದ ದುಂಡನೆಯ ಪ್ರಾಣಿಗಿಂತ, ಮುಂಗುಸಿಯಂತೆ ಕಾಣುವ ನೀಳ ಮೈಯ ವೀಸಲ್ ಬೇಗ ಶಾಖ ಕಳೆದುಕೊಳ್ಳುತ್ತದೆ. ಗೋಲ್ಡನ್ ಮೋಲ್ ವಿಶ್ರಾಂತಿಯಲ್ಲಿರುವಾಗ ಮೈಯ ಉಷ್ಣತೆಯನ್ನು ಸುತ್ತಲಿನ ಮರಳಿನೊಂದಿಗೆ ಏರಿಳಿಯಲು ಬಿಡುತ್ತದೆ. ಈ ಗುಣವಿಲ್ಲದಿದ್ದರೆ ಹಾವಿನಂಥ ಸಸ್ತನಿಯ ಯೋಚನೆಯನ್ನೇ ಬಿಡುತ್ತಿದ್ದೆ.

ಮೈ ಉದ್ದವಾಗಿಸಲು ಕುತ್ತಿಗೆಗೆ ಕೈ ಹಾಕಲಿಲ್ಲ. ಮರದಲ್ಲಿ ನೇತಾಡುವ ಸ್ಲಾತ್, ನೀರಿನಲ್ಲಿ ಬಾಳುವ ಮ್ಯಾನಟಿಗಳಂಥ ಕೆಲವನ್ನು ಬಿಟ್ಟರೆ ಸಸ್ತನಿಗಳ ಕುತ್ತಿಗೆಯಲ್ಲಿ 7 ಕಶೇರುಗಳೇ (ಬೆನ್ನುಮೂಳೆಯ ಮಣಿಗಳು), ಜಿರಾಫೆಯಲ್ಲೂ ಅಷ್ಟೇ. ಎದೆ ಮತ್ತು ಸೊಂಟದ ಕಶೇರುಗಳನ್ನು ಹೆಚ್ಚಿಸಿದೆ. ಗೋಲ್ಡನ್ ಮೋಲ್, ಆನೆ, ಮೊಲದ ಗಾತ್ರದ ಹೈರಾಕ್ಸ್‌ಗಳಿರುವ ಬಳಗದಲ್ಲಿ ಈ ಭಾಗದ ಕಶೇರುಗಳು ಬೇರೆ ಸಸ್ತನಿಗಳಿಗಿಂತ ಮೊದಲೇ ಹೆಚ್ಚು.

ಚಲನೆಯೇ ನನಗೆ ಹೆಚ್ಚು ಖುಷಿ ಕೊಟ್ಟ ಭಾಗ. ಹಾವಿನ ಬೆನ್ನು ಅಕ್ಕಪಕ್ಕ ಬಳುಕುತ್ತದೆ. ಓಡುವ ಚಿರತೆಯ ಬೆನ್ನು, ಈಜುವ ತಿಮಿಂಗಿಲದ ಬೆನ್ನು ಮೇಲೆ ಕೆಳಗೆ ಬಾಗುತ್ತದೆ. ನನ್ನ ಪ್ರಾಣಿಯೂ ಹಾಗೆಯೇ ಬಾಗಬೇಕು. ಆದರೆ ಮರಳಿನಲ್ಲಿ ಆಳಕ್ಕೆ ಹೋದಷ್ಟೂ ತಡೆ ಹೆಚ್ಚು. ಮೇಲಕ್ಕೆ ತಳ್ಳುವುದು ಸುಲಭ, ಕೆಳಕ್ಕೆ ಕಷ್ಟ. ಹೀಗೆ ಬಾಗುತ್ತ ಸಾಗುವ ಮೈ ತಾನಾಗಿಯೇ ಮೇಲೇಳುತ್ತದೆ. ಇದನ್ನು ಮುಚ್ಚಿಡುವ ಬದಲು ಅದರ ನಡಿಗೆಯಾಗಿಸಿದೆ: ಸ್ವಲ್ಪ ದೂರ ಮರಳಿನಡಿ, ಬೆನ್ನಿನ ಗೂನಷ್ಟು ಹೊರಗೆ, ಮತ್ತೆ ಒಳಗೆ. ದಿಬ್ಬದ ಮೇಲೆ ಉಳಿಯುವ ಗುರುತು ಬಟ್ಟೆಗೆ ಹಾಕಿದ ಓಡುಹೊಲಿಗೆಯಂತೆ ಕಾಣುತ್ತದೆ. ಹಾಗಾಗಿ ಹೆಸರು ಮರಳುಹೊಲಿಗ. ತಲೆಯನ್ನು ಒಳಕ್ಕೆ ಎಳೆದುಕೊಳ್ಳಲು ಗುದ್ದಲಿಯಂಥ ಮುಂಗಾಲುಗಳನ್ನು ಉಳಿಸಿದ್ದೇನೆ, ಹಿಂಗಾಲುಗಳಿಲ್ಲ. ಮೆಕ್ಸಿಕೊದ ಬೈಪಿಸ್ ಎಂಬ ಸರೀಸೃಪಕ್ಕೂ ಮುಂಗಾಲು ಎರಡೇ ಇರುವುದರಿಂದ ಇದು ತೀರಾ ದುಸ್ಸಾಹಸವೇನಲ್ಲ.

ಹಾವು ಬೇಟೆಯನ್ನು ಇಡಿಯಾಗಿ ನುಂಗುತ್ತದೆ. ಸಸ್ತನಿಯ ದವಡೆಗೆ ಅದು ಆಗದು, ಕತ್ತರಿಸಿ ತಿನ್ನಬೇಕು. ಒದ್ದಾಡುವ ಇಲಿಯನ್ನು ಕತ್ತರಿಸುವುದೆಂತು? ಕೆರಿಬಿಯನ್ ದ್ವೀಪಗಳ ಸೊಲೆನೊಡಾನ್ ಎಂಬ ಉದ್ದ ಮೂತಿಯ ಸಸ್ತನಿ ಕೆಳದವಡೆಯ ಬಾಚಿಹಲ್ಲಿನ ಸೀಳುಗಾಲುವೆಯಿಂದ ವಿಷ ಇಳಿಸುತ್ತದೆ. ಕೆಳಗಿನಿಂದ ಎರಗುವ ಪ್ರಾಣಿಗೆ ಕೆಳಹಲ್ಲಿನ ವಿಷ ಹೇಳಿ ಮಾಡಿಸಿದ್ದು. ಉತ್ತರ ಅಮೆರಿಕದ ಗಿಡ್ಡಬಾಲದ ಮೂಗಿಲಿ ವಿಷದಿಂದ ಜಡವಾದ ಹುಳುಗಳನ್ನು ಜೀವಂತ ಕೂಡಿಡುತ್ತದೆ. ಮರಳುಹೊಲಿಗವೂ ಮರಗಟ್ಟಿದ ಬೇಟೆಯನ್ನು ತಂಪು ಮರಳಿನಲ್ಲಿ ಹೂತಿಡುತ್ತದೆ. ಉಸಿರಾಡುವ ಮಾಂಸ ಕೊಳೆಯುವುದಿಲ್ಲ, ಸತ್ತದ್ದರಂತೆ ಒಣಗಿ ಹೋಗುವುದೂ ಇಲ್ಲ. ಮೇಲ್ಮೈ 60 ಡಿಗ್ರಿ ದಾಟುವ ನೆಲದಲ್ಲಿ ನೀರಿನ ದಾಸ್ತಾನು ಎಂದರೆ ಅದೇ.

ಬಣ್ಣಕ್ಕೆ ತಲೆ ಕೆಡಿಸಿಕೊಂಡಿಲ್ಲ, ಮಾಸಲು ಹಳದಿ ಸಾಕು. ಮರಿಗಳ ವಿಷಯದಲ್ಲಿ ಮಾತ್ರ ಜಿಪುಣತನ ತೋರಿಸಿದ್ದೇನೆ. ಹಾಲೂಡಿಸಲು ತಾಯಿ ಮೈಯಿಂದಲೇ ನೀರು ತೆರಬೇಕು. ಆದ್ದರಿಂದ ಒಂದು ಸಲಕ್ಕೆ ಒಂದೇ ಮರಿ, ಅದೂ ಉಗ್ರಾಣ ತುಂಬಿದ ಮೇಲೆ.