ಒಂದೇ ಟಬ್ಬು: ಗಿಡಕ್ಕೆ ಗೊಬ್ಬರ, ಗಾಳಕ್ಕೆ ಎರೆ

ಮಳೆಗಾಲದಲ್ಲಿ ಬಚ್ಚಲ ನೀರು ಹರಿಯುವ ಕಡೆ ಗುದ್ದಲಿಯಿಂದ ಒಂದು ಹೆಂಟೆ ಎಬ್ಬಿಸಿದರೆ ಗಾಳಕ್ಕೆ ಸಾಕಾಗುವಷ್ಟು ಎರೆಹುಳು ಸಿಗುತ್ತದೆ. ಮಾರ್ಚ್ ಬಂತೆಂದರೆ ಅದೇ ಜಾಗವನ್ನು ಮೊಣಕಾಲುದ್ದ ಅಗೆದರೂ ಒಂದೂ ಕಾಣುವುದಿಲ್ಲ. ಕನ್ನಡದಲ್ಲಿ ಎರೆ ಎಂದರೆ ಮೀನಿಗೆ ಗಾಳದಲ್ಲಿ ಒಡ್ಡುವ ಆಹಾರವೂ ಹೌದು. ನಾನು ಹುಳು ಸಾಕಲು ತೊಡಗಿದ್ದು ಆ ಎರೆಗಾಗಿ. ಗೊಬ್ಬರ ಆಮೇಲೆ ಕೈಗೆ ಬಂದ ಲಾಭ.

ಹಿತ್ತಲಿನಲ್ಲಿ ಅಗೆದು ತಂದ ಹುಳುವನ್ನು ಟಬ್ಬಿಗೆ ಬಿಡಬೇಡಿ. ಅದು ಮಣ್ಣು ತಿಂದು ಆಳದಲ್ಲಿ ಬದುಕುವ ಜಾತಿ, ತರಕಾರಿ ಸಿಪ್ಪೆಯ ನಡುವೆ ಬಾಳುವುದಿಲ್ಲ. ಸಾಕಲು ಬೇಕಾದದ್ದು ಮೇಲ್ಪದರದ ಕಸ ತಿನ್ನುವ ಹುಳು. ನಮ್ಮಲ್ಲಿ ಹೆಚ್ಚಾಗಿ ಸಿಗುವವು ಎರಡು: ಕೆಂಪಗೆ ಸಣ್ಣಗಿರುವ ಐಸೀನಿಯಾ ಫೆಟಿಡಾ ಮತ್ತು ದಪ್ಪನೆಯ ಆಫ್ರಿಕಾ ಮೂಲದ ಯೂಡ್ರಿಲಸ್ ಯುಜೀನಿಯೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ರಾಧಾ ಕಾಳೆ ಅವರು ಸಂಶೋಧನೆ ನಡೆಸಿದ್ದು ಈ ಎರಡನೆಯ ಹುಳುವಿನ ಮೇಲೂ. ಗಾಳದ ಆಸೆ ಇರುವವರು ಇದನ್ನೇ ತನ್ನಿ. ಚಾಚಿದರೆ ಹೆಚ್ಚುಕಡಿಮೆ ಗೇಣುದ್ದ ಬರುತ್ತದೆ, ಮುಳ್ಳಿನಲ್ಲಿ ಚೆನ್ನಾಗಿ ನಿಲ್ಲುತ್ತದೆ. ಕೆಂಪು ಹುಳುವಿಗೆ ಗಾಯವಾದರೆ ವಾಸನೆಯ ಹಳದಿ ದ್ರವ ಬಿಡುತ್ತದೆ. ಎರೆಗೊಬ್ಬರ ಮಾಡುವ ರೈತರಲ್ಲಿ ಅಥವಾ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಆರಂಭಕ್ಕೆ ಕಾಲು ಕಿಲೋ ಸಾಕು.

ಮನೆ ಕಟ್ಟುವುದು

ಅಗಲ ಬಾಯಿಯ 40 ಲೀಟರಿನ ಪ್ಲಾಸ್ಟಿಕ್ ಟಬ್ಬು ತೆಗೆದುಕೊಂಡು, ಕಾಯಿಸಿದ ಮೊಳೆಯಿಂದ ತಳದಲ್ಲಿ ಹತ್ತು ಹನ್ನೆರಡು ತೂತು ಮಾಡಿ. ಗಟ್ಟಿ ಸ್ಟೂಲಿನ ಮೇಲೆ ನೆರಳಿನಲ್ಲಿಟ್ಟು, ಸ್ಟೂಲಿನ ನಾಲ್ಕೂ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿ. ಇರುವೆಗೆ ಇದಕ್ಕಿಂತ ಒಳ್ಳೆಯ ಬೇಲಿ ಇಲ್ಲ. ತಳಕ್ಕೆ ಎರಡು ಇಂಚು ತೆಂಗಿನ ಸಿಪ್ಪೆಯ ಚೂರು, ಅದರ ಮೇಲೆ ಅರ್ಧ ಅಡಿ ಒಣಗಿದ ಎಲೆ ಮತ್ತು ಹಳೆಯ ಸಗಣಿಯ ಮಿಶ್ರಣ, ಎಲ್ಲದರ ಮೇಲೆ ಒದ್ದೆ ಗೋಣಿಚೀಲ.

ಹಳೆಯ ಸಗಣಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮೊದಲ ಸಲ ನಾನು ಕೊಟ್ಟಿಗೆಯಿಂದ ಅಂದಿನ ಸಗಣಿಯನ್ನೇ ತಂದು ತುಂಬಿದೆ. ಬೆಳಿಗ್ಗೆ ಗೋಣಿ ಎತ್ತಿದರೆ ಬದುಕಿದ್ದ ಹುಳುಗಳೆಲ್ಲ ಟಬ್ಬಿನ ಅಂಚಿಗೆ ಹತ್ತಿ ಒಂದಕ್ಕೊಂದು ಹೆಣೆದುಕೊಂಡಿದ್ದವು. ಕೆಳಗಿದ್ದವು ಸತ್ತು ಲೋಳೆಯಾಗಿದ್ದವು. ಕೈ ಹಾಕಿದರೆ ಒಳಗೆ ಕಾವು. ಹಸಿ ಸಗಣಿ ಕೊಳೆಯುವಾಗ ಬಿಸಿಯಾಗುತ್ತದೆ, ಅಮೋನಿಯಾ ಬಿಡುತ್ತದೆ. ಹದಿನೈದು ಇಪ್ಪತ್ತು ದಿನ ನೆರಳಿನಲ್ಲಿ ಹಾಕಿಟ್ಟು, ಕಾವು ಪೂರ್ತಿ ಇಳಿದ ಮೇಲೆ ಬಳಸಿ.

ಹುಳುವಿಗೆ ಶ್ವಾಸಕೋಶವಿಲ್ಲ, ಚರ್ಮದಿಂದಲೇ ಉಸಿರಾಟ. ಚರ್ಮ ಒಣಗಿದರೂ ಸಾಯುತ್ತದೆ, ಗಾಳಿಯಿಲ್ಲದ ಕೆಸರಿನಲ್ಲಿ ಸಿಕ್ಕಿಕೊಂಡರೂ ಸಾಯುತ್ತದೆ. ಹದ ನೋಡಲು ಒಂದು ಹಿಡಿ ಮಿಶ್ರಣ ಹಿಂಡಿ: ಒಂದೆರಡು ಹನಿ ಮಾತ್ರ ಜಿನುಗಬೇಕು. ಧಾರೆ ಇಳಿದರೆ ಒಣ ಎಲೆ ಸೇರಿಸಿ.

ಮೇವು

ಮೊದಲ ವಾರ ಅಡುಗೆಮನೆಯಿಂದ ಏನೂ ಬೇಡ. ಆಮೇಲೆ ದಿನಕ್ಕೊಂದು ಹಿಡಿ: ಬಾಳೆಹಣ್ಣಿನ ಸಿಪ್ಪೆ, ಸೊಪ್ಪಿನ ದಂಟು, ಕಾಫಿ ಗಸಿ. ಒಂದು ಮೂಲೆಯಲ್ಲಿ ಹೂತು ಮುಚ್ಚಿ, ಮರುದಿನ ಬೇರೆ ಮೂಲೆ. ನಿಂಬೆ, ಕಿತ್ತಳೆ ಸಿಪ್ಪೆ, ಈರುಳ್ಳಿ, ಉಪ್ಪು ಖಾರ ಎಣ್ಣೆ ಬಿದ್ದ ಅಡುಗೆ, ಮಾಂಸ, ಮೊಸರು ಯಾವುದೂ ಬೇಡ. ಹಿಂದಿನದು ಕರಗುವ ತನಕ ಹೊಸದನ್ನು ಹಾಕಬೇಡಿ. ಹಸಿವಿನಿಂದ ಸತ್ತ ಹುಳುವನ್ನು ನಾನು ನೋಡಿಲ್ಲ, ಅತಿಯಾಗಿ ಉಣಿಸಿ ಕೊಂದ ಟಬ್ಬುಗಳನ್ನು ನೋಡಿದ್ದೇನೆ. ವಾಸನೆ ಬಂದರೆ ಮೇವು ನಿಲ್ಲಿಸಿ, ಹರಿದ ಪತ್ರಿಕೆ ಬೆರೆಸಿ ಸಡಿಲ ಮಾಡಿ.

ತಿಂಗಳು ಕಳೆದ ಮೇಲೆ ಒಂದಿಷ್ಟನ್ನು ಅಂಗೈಯಲ್ಲಿ ಹರಡಿ ನೋಡಿ. ಸಾಸಿವೆಗಿಂತ ತುಸು ದೊಡ್ಡದಾದ, ತುದಿ ಚೂಪಾದ ಕಂದು ಕಾಳುಗಳು ಕಂಡರೆ ಅವು ಮೊಟ್ಟೆಯ ಗೂಡುಗಳು. ಬೆಳಕಿಗೆ ಹಿಡಿದರೆ ಕೆಲವದರಲ್ಲಿ ಕೆಂಪು ದಾರದಂತೆ ಮರಿ ಮಿಸುಕುವುದೂ ಕಾಣುತ್ತದೆ. ನನಗೆ ಇಂದಿಗೂ ಅದನ್ನು ನೋಡುವುದೆಂದರೆ ಇಷ್ಟ.

ಎರಡು ತಿಂಗಳಿಗೆ ಗೊಬ್ಬರ ಚಹಾಪುಡಿಯಂತೆ ಉದುರುದುರಾಗುತ್ತದೆ. ಮೂರು ದಿನ ನೀರು ಹಾಕುವುದನ್ನು ನಿಲ್ಲಿಸಿ, ಬೆಳಕಿರುವ ಕಡೆ ಹಾಳೆಯ ಮೇಲೆ ಗುಪ್ಪೆ ಹಾಕಿ. ಹುಳು ಬೆಳಕಿಗೆ ಹೆದರಿ ಅಡಿಗೆ ಇಳಿಯುತ್ತದೆ. ಮೇಲಿನಿಂದ ಕೆರೆದುಕೊಳ್ಳುತ್ತಾ ಹೋಗಿ.

ಗಾಳಕ್ಕೆ

ಕೆರೆಗೆ ಹೋಗುವ ಹಿಂದಿನ ದಿನ ದಪ್ಪ ಹುಳುಗಳನ್ನು ಆರಿಸಿ, ಒದ್ದೆ ತೆಂಗಿನ ನಾರು ತುಂಬಿದ ತೂತಿನ ಡಬ್ಬಿಗೆ ಹಾಕಿಡಿ. ಹೊಟ್ಟೆಯ ಮಣ್ಣು ಖಾಲಿಯಾಗಿ ಮೈ ಬಿಗಿಯುತ್ತದೆ, ಚುಚ್ಚುವಾಗ ಹರಿಯುವುದಿಲ್ಲ. ಡಬ್ಬಿಯನ್ನು ಬಿಸಿಲಿಗೆ ಬಿಡಬೇಡಿ. ಒಂದೇ ವಾರದಲ್ಲಿ ಟಬ್ಬು ಬರಿದು ಮಾಡದೆ, ಬೆಳೆದವುಗಳಲ್ಲಿ ಅರ್ಧವನ್ನಾದರೂ ಮರಿ ಹಾಕಲು ಉಳಿಸಿ.

ಸಂಜೆ ಉಳಿದ ಹುಳುವನ್ನು ಹೊಳೆ ದಂಡೆಯಲ್ಲೋ ಕಾಡಿನಂಚಿನಲ್ಲೋ ಸುರಿದು ಬರಬೇಡಿ. ಅದು ಹೊರಗಿನಿಂದ ಬಂದ ಜೀವ, ಅಲ್ಲಿಯ ಮಣ್ಣಿಗೆ ಅದರದೇ ಹುಳುಗಳಿವೆ. ಡಬ್ಬಿಯನ್ನು ಮುಚ್ಚಿ ಮನೆಗೆ ತಂದು, ಗೋಣಿ ಎತ್ತಿ, ಅವನ್ನು ಮತ್ತೆ ಟಬ್ಬಿಗೇ ಬಿಡಿ.