ಗ್ರಾಚ್ಯುಟಿ ಕೇಳಿ ಪಡೆದದ್ದು ಹೀಗೆ

ಕಾಸರಗೋಡು ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ನಾನು ಬಿಲ್ಲಿಂಗಿನಲ್ಲಿದ್ದೆ. 2010ರ ಅಕ್ಟೋಬರಿನಲ್ಲಿ ಸೇರಿದ್ದು, 2022ರ ಜೂನಿನಲ್ಲಿ ಬಿಟ್ಟದ್ದು. ಅಮ್ಮನಿಗೆ ಸೌಖ್ಯ ಇರಲಿಲ್ಲ. ಬದಿಯಡ್ಕದಿಂದ ದಿನಾ ಬಸ್ಸಿನಲ್ಲಿ ಹೋಗಿ ರಾತ್ರಿ ಮನೆ ಸೇರುವುದು ಇನ್ನು ಆಗುವುದಿಲ್ಲ ಅನಿಸಿತು.

ಕೊನೆಯ ದಿನ ಮೊದಲಾಳಿ, ಅಂದರೆ ಅಂಗಡಿಯ ಯಜಮಾನರು, ಕ್ಯಾಶ್ ಕೌಂಟರಿನ ಹಿಂದೆ ಕರೆದರು. ಒಂದು ಸೀರೆ, ಒಂದು ಲಕೋಟೆ ಮುಂದಿಟ್ಟರು. "ಇಪ್ಪತ್ತು ಸಾವಿರ ಉಂಟು ತಂಗೀ, ನನ್ನ ಸಂತೋಷಕ್ಕೆ" ಎಂದರು.

"ಇದು ಗ್ರಾಚ್ಯುಟಿಯಾ?" ಎಂದು ಕೇಳಿದೆ.

"ಹೌದು, ಅದೇ. ಗ್ರಾಚ್ಯುಟಿ ಅಂದರೆ ಹೀಗೆ ಖುಷಿಯಿಂದ ಕೊಡುವುದೇ ಅಲ್ವಾ?"

ಅವರು ಮೋಸ ಮಾಡುವ ಮನುಷ್ಯರಲ್ಲ. ಆ ಪದಕ್ಕೆ ಅವರ ಮನಸ್ಸಿನಲ್ಲಿದ್ದ ಅರ್ಥ ಅದೇ. ನಾನು ಸೀರೆ ತೆಗೆದುಕೊಂಡೆ, ಅದು ಉಡುಗೊರೆ. ಲಕೋಟೆಯನ್ನು ಮೇಜಿನ ಮೇಲೇ ಬಿಟ್ಟು, "ಲೆಕ್ಕ ನೋಡಿ ಆಮೇಲೆ ತೆಗೆದುಕೊಳ್ಳುತ್ತೇನೆ" ಎಂದೆ. ಬಸ್ಸಿನಲ್ಲಿ ಕೂತಾಗ ಕೈ ನಡುಗುತ್ತಿತ್ತು.

ನಮ್ಮ ಕಡೆ ಈ ಮಾತು ಮೊದಲು ಬಂದದ್ದು ಗಲ್ಫಿನಿಂದ ಅಂತ ನನ್ನ ಅಂದಾಜು. ನನ್ನ ಭಾವ ಶಾರ್ಜಾದಿಂದ ಊರಿಗೆ ಬಂದಾಗ "ಸರ್ವೀಸ್ ಮನಿ ಸಿಕ್ಕಿತು" ಎಂದಿದ್ದರು. ಅಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ಸಂಬಳ, ಆಮೇಲಿನ ವರ್ಷಗಳಿಗೆ 30 ದಿನದ್ದು. ಅದು ಅಲ್ಲಿನ ಲೆಕ್ಕ, ಇಲ್ಲಿಗೆ ಹೊಂದುವುದಿಲ್ಲ. ಅಂಗಡಿಯಲ್ಲಿ ಕೆಲವರು ಓಣಂ ಬೋನಸ್ಸನ್ನೇ ಗ್ರಾಚ್ಯುಟಿ ಎನ್ನುತ್ತಿದ್ದರು, ಇನ್ನು ಕೆಲವರು ಅಂಗಡಿ ಕೆಲಸಗಾರರ ಕ್ಷೇಮನಿಧಿಯನ್ನು. ಬೋನಸ್ ವರ್ಷ ವರ್ಷ ಸಿಗುವುದು. ಕ್ಷೇಮನಿಧಿಗೆ ನಮ್ಮ ದುಡ್ಡೂ ಹೋಗುತ್ತದೆ. ಗ್ರಾಚ್ಯುಟಿಗೆ ನಮ್ಮ ಸಂಬಳದಿಂದ ಒಂದು ಪೈಸೆ ಹಿಡಿಯುವ ಹಾಗಿಲ್ಲ. ಅದು ಕೆಲಸ ಬಿಡುವಾಗ ಯಜಮಾನರು ಕೊಡಬೇಕಾದದ್ದು.

ಮೊದಲಾಳಿ ಹೇಳಿದ ಅರ್ಥ ಪೂರ್ತಿ ತಪ್ಪೂ ಅಲ್ಲ. ಡಿಕ್ಷನರಿ ತೆಗೆದು ನೋಡಿದೆ. ಲ್ಯಾಟಿನ್ನಿನಿಂದ ಬಂದ ಪದ. ಗ್ರಾಟಿಸ್, ಗ್ರಾಟಿಟ್ಯೂಡ್ ಎಲ್ಲ ಅದೇ ಬಳ್ಳಿಯವು. ಇಂಗ್ಲಿಷಿನಲ್ಲಿ ಹೋಟೆಲ್ ಮಾಣಿಗೆ ಕೊಡುವ ಟಿಪ್ಸಿಗೂ ಗ್ರಾಚ್ಯುಟಿ ಎನ್ನುತ್ತಾರೆ. ಆದರೆ ನಮ್ಮ ದೇಶದ ಕಾನೂನಿನ ಒಳಗೆ ಬಂದ ಮೇಲೆ ಪದದ ಅರ್ಥವೇ ತಿರುಗಿತು. ರಾಜ್ಯಗಳಲ್ಲಿ ಕೇರಳವೇ ಮೊದಲು. 1970ರಲ್ಲಿ ಇಲ್ಲಿ ಕೈಗಾರಿಕಾ ನೌಕರರಿಗಾಗಿ ಗ್ರಾಚ್ಯುಟಿ ಕಾನೂನು ಬಂತು, ಮರುವರ್ಷ ಪಶ್ಚಿಮ ಬಂಗಾಳದಲ್ಲಿ, 1972ರಲ್ಲಿ ಇಡೀ ದೇಶಕ್ಕೆ. ಇದನ್ನು ಓದಿದಾಗ ನನಗೆ ನಿಜವಾಗಿ ಧೈರ್ಯ ಬಂತು. ನಾನು ಕೇಳುತ್ತಿರುವುದು ಇನಾಮಲ್ಲ, ದುಡಿದ ಕೂಲಿಯ ಬಾಕಿ.

ಲೆಕ್ಕ ಹೀಗೆ. ಕೊನೆಯ ತಿಂಗಳ ಬೇಸಿಕ್ (ಮೂಲ ಸಂಬಳ) ಮತ್ತು ಡಿ.ಎ. (ತುಟ್ಟಿಭತ್ಯೆ) ಕೂಡಿಸಬೇಕು. ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸರ್ವೀಸಿನ ವರ್ಷಗಳಿಂದ ಮತ್ತೆ ಗುಣಿಸಬೇಕು. ನನಗೆ ಎರಡೂ ಸೇರಿ 13,000 ಇತ್ತು. ಅಂದರೆ ದಿನಕ್ಕೆ 500. ಹದಿನೈದು ದಿನಕ್ಕೆ 7,500. ಸರ್ವೀಸ್ 11 ವರ್ಷ 8 ತಿಂಗಳು. ಕೊನೆಯಲ್ಲಿ ಉಳಿಯುವ ತಿಂಗಳುಗಳು ಆರಕ್ಕಿಂತ ಜಾಸ್ತಿ ಇದ್ದರೆ ಅದನ್ನು ಪೂರ್ತಿ ವರ್ಷ ಅಂತಲೇ ಹಿಡಿಯಬೇಕು. ಹಾಗಾಗಿ 12 ವರ್ಷ. ಒಟ್ಟು 90,000.

ಅಂಗಡಿಯ ಅಕೌಂಟೆಂಟ್ ಮಾಡಿದ ಲೆಕ್ಕದಲ್ಲಿ ಬಂದದ್ದು 71,500. ಅವರು ತಿಂಗಳಿಗೆ 30 ದಿನ ಹಿಡಿದಿದ್ದರು, ವರ್ಷ 11 ಎಂದು ಬರೆದಿದ್ದರು. ಎರಡೇ ಎರಡು ಅಂಕಿ ಬದಲಾದದ್ದಕ್ಕೆ 18,500 ರೂಪಾಯಿ ಹೋಗುತ್ತಿತ್ತು! ಆದಿತ್ಯವಾರದ ರಜೆ ಕಳೆದರೆ ಕೆಲಸದ ದಿನ 26 ಎನ್ನುವುದೇ ಇದರ ಹಿಂದಿನ ಲೆಕ್ಕ. ಸುಪ್ರೀಂ ಕೋರ್ಟ್ 1984ರಲ್ಲೇ ಹಾಗೆ ಹೇಳಿದೆ, 1987ರಲ್ಲಿ ಕಾನೂನಿನಲ್ಲೂ ಸೇರಿಸಿದರು.

ಆಮೇಲೆ ಅಂಗಡಿಯ ಕಡೆಯಿಂದ ಎರಡು ಮಾತು ಬಂತು. "ನೀನಾಗಿ ಬಿಟ್ಟದ್ದಲ್ವಾ?" ಎಂಬುದು ಮೊದಲನೆಯದು. ಐದು ವರ್ಷ ಆಗಿದ್ದರೆ ರಾಜೀನಾಮೆ ಕೊಟ್ಟವರಿಗೂ ಸಿಗುತ್ತದೆ. "ಈಗ ಅಂಗಡಿಯಲ್ಲಿ ಎಂಟೇ ಜನ, ನಮಗೆ ಕಾನೂನು ಲಾಗೂ ಆಗುವುದಿಲ್ಲ" ಎಂಬುದು ಎರಡನೆಯದು. ಕೊರೊನಾದ ನಂತರ ಎಂಟು ಜನ ಆದದ್ದು ನಿಜ. ಆದರೆ ಮೊದಲು ನಾವು 14 ಜನ ಇದ್ದೆವು. ಒಮ್ಮೆ ಹತ್ತು ಜನ ಆಗಿ ಕಾನೂನಿನ ಒಳಗೆ ಬಂದ ಅಂಗಡಿ, ಆಮೇಲೆ ಜನ ಕಡಿಮೆಯಾದರೂ ಹೊರಗೆ ಹೋಗುವುದಿಲ್ಲ. ಇದನ್ನು ಬಾಯಲ್ಲಿ ಹೇಳಿದರೆ ಜಗಳವಾಗುತ್ತಿತ್ತು. ಅದಕ್ಕೆ ಕಾಗದದಲ್ಲಿ ಬರೆದೆ.

ಬರೆಯಲು ಕೂತಾಗ ಪದವೇ ತೊಡಕಾಯಿತು. ಕರ್ನಾಟಕದ ಸರಕಾರಿ ಕಾಗದಗಳಲ್ಲಿ ಗ್ರಾಚ್ಯುಟಿಗೆ 'ಉಪದಾನ' ಎನ್ನುತ್ತಾರೆ. ಮೊದಲು ಹಾಗೇ ಬರೆದೆ. ಬರೆದು ನೋಡಿದರೆ ಅದರೊಳಗೆ ದಾನ ಕೂತಿದೆ! ಯಾವ ಅರ್ಥವನ್ನು ಬಿಡಿಸಲು ಹೊರಟೆನೋ ಅದೇ ಅರ್ಥ. ಹೊಡೆದು ಹಾಕಿ 'ಗ್ರಾಚ್ಯುಟಿ' ಎಂದೇ ಬರೆದೆ. ಮೊದಲಾಳಿಗೂ, ಅಕೌಂಟೆಂಟಿಗೂ, ನನಗೂ ಗೊತ್ತಿದ್ದ ಪದ ಅದೊಂದೇ. ಸೇರಿದ ದಿನ, ಬಿಟ್ಟ ದಿನ, ಕೊನೆಯ ಸಂಬಳ, ಕೇಳುವ ಮೊತ್ತ, ಬ್ಯಾಂಕ್ ಖಾತೆ, ಇಷ್ಟೇ. ಜತೆಗೆ ಕ್ಷೇಮನಿಧಿ ಕಾರ್ಡಿನ ಕಾಪಿ ಇಟ್ಟೆ. ಅಪಾಯಿಂಟ್‌ಮೆಂಟ್ ಲೆಟರ್ ಇಲ್ಲದ ನನಗೆ ಸರ್ವೀಸ್ ತೋರಿಸಲು ಅದೇ ಆಧಾರವಾಯಿತು. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ರಶೀದಿಯನ್ನು ಡೈರಿಯಲ್ಲಿ ಅಂಟಿಸಿಟ್ಟೆ. ಕೆಲಸ ಬಿಟ್ಟ 30 ದಿನದೊಳಗೆ ಕೇಳಬೇಕು, ಅವರು 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ.

ಕೊಡದಿದ್ದರೆ ಲೇಬರ್ ಆಫೀಸಿಗೆ ದೂರು ಕೊಡುವುದು ಎಂದು ಆ ಅರ್ಜಿಯನ್ನೂ ಕನ್ನಡದಲ್ಲೇ ಬರೆದಿಟ್ಟಿದ್ದೆ. ಮಲಯಾಳ ನನಗೆ ಮಾತಾಡಲು ಬರುತ್ತದೆ, ಕಾಗದ ಬರೆಯುವಷ್ಟಿಲ್ಲ. ಕೇರಳದ ಭಾಷಾ ಕಾನೂನಿನಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದಿದೆ. ನಮ್ಮವರು ಇದನ್ನು ಬಳಸುವುದು ಕಡಿಮೆ, ನನಗೆ ಅದು ಬೇಸರ. ಆ ಅರ್ಜಿ ಕೊಡುವ ಅಗತ್ಯ ಬೀಳಲಿಲ್ಲ.

ಈಗ ಕೇಳುವವರಿಗೆ ಒಂದು ಮಾತು. 2025ರ ನವೆಂಬರ್ 21ರಿಂದ ಹಳೆಯ ಕಾನೂನಿನ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹದಿನೈದು ದಿನ, ಇಪ್ಪತ್ತಾರು ದಿನದ ಲೆಕ್ಕ ಹಾಗೇ ಉಂಟು. ಆದರೆ ಇಷ್ಟು ಅವಧಿಗೆ ಎಂದು ಕರಾರು ಮಾಡಿ ತೆಗೆದುಕೊಂಡವರಿಗೆ ಐದು ವರ್ಷ ಕಾಯಬೇಕಾಗಿಲ್ಲ, ಒಂದು ವರ್ಷ ಸಾಕು. 'ಸಂಬಳ' ಎಂಬುದರ ಅರ್ಥವೂ ಬದಲಾಗಿದೆ. ಭತ್ಯೆಗಳನ್ನು ಅರ್ಧಕ್ಕಿಂತ ಹೆಚ್ಚು ತೋರಿಸಿ ಬೇಸಿಕ್ ಸಣ್ಣದು ಮಾಡಿದರೆ, ಆ ಹೆಚ್ಚಿನದ್ದನ್ನೂ ಸಂಬಳಕ್ಕೆ ಸೇರಿಸಿಯೇ ಲೆಕ್ಕ ಹಾಕಬೇಕು.

ನನ್ನ ಕಾಗದ ಮುಟ್ಟಿ ಮೂರು ವಾರ ಆಗಿತ್ತು. ಮೊದಲಾಳಿಯೇ ಫೋನ್ ಮಾಡಿ "ಬಾ ತಂಗೀ, ಚೆಕ್ ರೆಡಿ ಉಂಟು" ಎಂದರು. ಹೋದೆ. 90,000ದ ಚೆಕ್. ಅದರ ಜತೆ ಸಹಿ ಹಾಕಲು ಒಂದು ವೋಚರ್. ವಿವರ ಎಂಬಲ್ಲಿ ಅಕೌಂಟೆಂಟ್ 'ಗಿಫ್ಟ್' ಎಂದು ಬರೆದಿದ್ದರು. ನಾನು ಪೆನ್ನು ಕೆಳಗಿಟ್ಟು, "ಇದೊಂದು ಪದ ಬದಲಿಸಿ ಕೊಡಿ" ಎಂದೆ. ಅವರು ಮೊದಲಾಳಿಯ ಮುಖ ನೋಡಿದರು. ಮೊದಲಾಳಿ ತಲೆಯಾಡಿಸಿದರು. ಅಕೌಂಟೆಂಟ್ ಪುಸ್ತಕದಿಂದ ಹೊಸ ವೋಚರ್ ಹರಿದು 'ಗ್ರಾಚ್ಯುಟಿ, 12 ವರ್ಷ' ಎಂದು ಬರೆದರು. ಅದರ ಕೆಳಗೆ ಸಹಿ ಹಾಕಿದೆ.