ಮರವಿಲ್ಲದ ಬಯಲಲ್ಲಿ ಹುಲ್ಲುಮಣ್ಣಿನ ಮನೆ ಕಟ್ಟಿ 160 ಎಕರೆ ಪಡೆಯುವುದು ಹೇಗೆ?

ಕಾಲ 1880ರ ವಸಂತ. ಜಾಗ ಅಮೆರಿಕದ ಡಕೋಟಾ ಪ್ರಾಂತ್ಯ, ಅಂದರೆ ಈಗಿನ ಉತ್ತರ ಮತ್ತು ದಕ್ಷಿಣ ಡಕೋಟಾ. ನೀವು ನಾರ್ವೆಯಿಂದ ಬಂದ ರೈತ ಅಂದುಕೊಳ್ಳಿ. ಊರಲ್ಲಿ ಬೆಟ್ಟ, ಕಡಲು, ಕಾಡು ಎಲ್ಲ ಇತ್ತು. ಉಳಲು ನೆಲ ಮಾತ್ರ ಇರಲಿಲ್ಲ. ನಾರ್ವೆಯಲ್ಲಿ ಸಾಗುವಳಿಗೆ ಬರುವ ಭೂಮಿ ನೂರಕ್ಕೆ ಮೂರರಷ್ಟು ಮಾತ್ರ. ಇಲ್ಲಿ ಕಣ್ಣು ಹಾಯಿಸಿದಷ್ಟೂ ನೆಲ, ಆದರೆ ಬಾಗಿಲು ಮಾಡಲೂ ಒಂದು ಮರವಿಲ್ಲ. ನೆಲ ಯಾರದೂ ಆಗಿರಲಿಲ್ಲ ಅಂತಲ್ಲ. ಆಗ್ನೇಯ ಡಕೋಟಾದ ದೊಡ್ಡ ಭಾಗ ಅಲ್ಲಿನ ಮೂಲನಿವಾಸಿಗಳಾದ ಯಾಂಕ್ಟನ್ ಸೂ ಜನರದು. 1858ರ ಒಪ್ಪಂದದಲ್ಲಿ ಅದು ಸರ್ಕಾರದ ಕೈಗೆ ಹೋಯಿತು. ನಿಮಗೆ ಸಿಗುತ್ತಿರುವುದು ಅದೇ ನೆಲ.

ಮೊದಲು ಕಾಗದ

ಸರ್ಕಾರಿ ನೆಲದಲ್ಲಿ ಐದು ವರ್ಷ ಬಾಳಿ ಉತ್ತವರಿಗೆ ಅದನ್ನೇ ಕೊಡುವ ಕಾನೂನು 1862ರ ಹೋಮ್‌ಸ್ಟೆಡ್ ಕಾಯ್ದೆ. ಅದರ ಪ್ರಕಾರ 21 ವರ್ಷ ತುಂಬಿದವರು ಅಥವಾ ಮನೆಯ ಯಜಮಾನರು ಅರ್ಜಿ ಹಾಕಬಹುದು. ಮದುವೆಯಾಗದ ಹೆಣ್ಣುಮಗಳು, ವಿಧವೆ ಕೂಡ ಹಾಕಬಹುದು. ಗಂಡನ ಜೊತೆ ಸಂಸಾರ ಮಾಡುವ ಹೆಂಡತಿಗೆ ಆಗದು. ನೀವಿನ್ನೂ ಅಮೆರಿಕದ ಪ್ರಜೆಯಲ್ಲ, ಪರವಾಗಿಲ್ಲ. ಪ್ರಜೆಯಾಗುವ ಇರಾದೆ ಇದೆ, ಸ್ವೀಡನ್-ನಾರ್ವೆಯ ದೊರೆ ಎರಡನೇ ಆಸ್ಕರ್‌ಗೆ ಇನ್ನು ನಿಷ್ಠೆ ಇಲ್ಲ ಎಂದು ಮೊದಲು ಬರೆದುಕೊಡಿ. ಶುಲ್ಕವೆಲ್ಲ ಸೇರಿ ಕೊನೆಗೆ ಸುಮಾರು 18 ಡಾಲರ್ ಆಗುತ್ತದೆ. ನೆಲ ಬಿಟ್ಟಿ ಅಂತ ಹೇಳುತ್ತಾರಲ್ಲ, ಎತ್ತು, ನೇಗಿಲು, ಒಲೆ, ಕಿಟಕಿ ಬಿಟ್ಟಿ ಅಲ್ಲ. ಆ ದುಡ್ಡನ್ನು ಬೇರೆಯೇ ಇಟ್ಟುಕೊಳ್ಳಿ.

ಆಮೇಲೆ ನಿಮ್ಮ ಜಾಗ ಹುಡುಕಿ. ಒಂದೊಂದು ಪಾಲು ಅರ್ಧ ಮೈಲಿ ಉದ್ದ, ಅರ್ಧ ಮೈಲಿ ಅಗಲ. ಮೋಜಣಿಯವರು ಮೂಲೆಯಲ್ಲಿ ಗೂಟ ನೆಟ್ಟು ಮಣ್ಣು ಗುಡ್ಡೆ ಹಾಕಿರುತ್ತಾರೆ. ಆಳೆತ್ತರದ ಹುಲ್ಲಲ್ಲಿ ಅದು ಕಾಣುವುದಿಲ್ಲ. ಗೂಟ ಸಿಗುವತನಕ ಏನೂ ಕಟ್ಟಬೇಡಿ. ಪಕ್ಕದವರ ನೆಲದಲ್ಲಿ ಮನೆ ಕಟ್ಟಿಕೊಂಡರೆ ಪಟ್ಟ ಪಾಡೆಲ್ಲ ದಂಡ.

ಹೆಂಟೆ ಕೊಯ್ಯುವುದು

ಇಟ್ಟಿಗೆ ಸುಡಲು ಕಟ್ಟಿಗೆ ಇಲ್ಲ. ಹಾಗಾಗಿ ಬೇರುಸಮೇತ ಹುಲ್ಲುಮಣ್ಣನ್ನೇ ಹೆಂಟೆಯಾಗಿ ಕೊಯ್ಯಬೇಕು. ಬೇರು ದಟ್ಟವಾಗಿ ಹೆಣೆದುಕೊಂಡ, ತುಸು ತೇವ ಇರುವ ತಗ್ಗು ಜಾಗ ಆರಿಸಿ. ಒಣಗಿದ ನೆಲದ ಹೆಂಟೆ ಎತ್ತುವಾಗಲೇ ಪುಡಿಯಾಗುತ್ತದೆ. ಮಣ್ಣನ್ನು ಒಡೆಯದೆ ಪಟ್ಟಿಯಾಗಿ ಸೀಳುವ ನೇಗಿಲು ಸಿಗುತ್ತದೆ. ಇಲ್ಲದಿದ್ದರೆ ನೆರೆಯವರ ಹತ್ತಿರ ಎರವಲು ಕೇಳಿ. ಪಟ್ಟಿ ಒಂದಡಿ ಅಗಲ, ನಾಲ್ಕಿಂಚು ದಪ್ಪ ಇರಲಿ. ಸಲಿಕೆಯಿಂದ ಎರಡೆರಡು ಅಡಿಗೆ ತುಂಡು ಮಾಡಿ.

ಅವತ್ತು ಕೊಯ್ದದ್ದನ್ನು ಅವತ್ತೇ ಗೋಡೆಗೆ ಇಡಿ. ಬಿಸಿಲಿಗೆ ಬಿಟ್ಟರೆ ಒಣಗಿ ಮುರಿಯುತ್ತದೆ.

ಗೋಡೆ

ಹುಲ್ಲಿನ ಮುಖ ಕೆಳಗೆ ಮಾಡಿ ಇಡಬೇಕು. ಮೇಲಿನ ಬೇರು ಕೆಳಗಿನದರೊಳಗೆ ಇಳಿದು ಹಿಡಿದುಕೊಳ್ಳುತ್ತದೆ. ಎರಡು ಹೆಂಟೆ ಪಕ್ಕಪಕ್ಕ ಇಟ್ಟರೆ ಎರಡಡಿ ದಪ್ಪದ ಗೋಡೆ. ಸಂದಿನ ಮೇಲೆ ಸಂದು ಬರಬಾರದು. ಮೂರ್ನಾಲ್ಕು ವರಸೆಗೊಮ್ಮೆ ಹೆಂಟೆಗಳನ್ನು ಅಡ್ಡಡ್ಡ ಇಟ್ಟು ಬಿಗಿ ಮಾಡಿ. ಇಪ್ಪತ್ತಡಿಗೆ ಹದಿನಾರಡಿ ಮನೆ, ಏಳಡಿ ಎತ್ತರ ಅಂದರೆ ಒಂದೂವರೆ ಸಾವಿರದ ಹತ್ತಿರ ಹೆಂಟೆ ಬೇಕು. ಒಂದೊಂದೂ ಸೊಂಟ ಹಿಡಿಸುವಷ್ಟು ಭಾರ.

ಕಿಟಕಿಯ ಚೌಕಟ್ಟಿನ ಮೇಲೆ ನಾಲ್ಕೈದು ಇಂಚು ಜಾಗ ಬಿಟ್ಟು, ಚಿಂದಿಯನ್ನೋ ಹುಲ್ಲನ್ನೋ ತುರುಕಿ. ಗೋಡೆ ಮುಂದೆ ಕುಗ್ಗುತ್ತದೆ. ಜಾಗ ಬಿಡದಿದ್ದರೆ ಗಾಜು ಒಡೆಯುತ್ತದೆ. ಈ ಇಡೀ ಮನೆಯಲ್ಲಿ ಅಂಗಡಿಯಿಂದ ತಂದ ವಸ್ತು ಅಂದರೆ ಹೆಚ್ಚುಕಡಿಮೆ ಆ ಗಾಜೇ.

ಸೂರು

ನಾರ್ವೆಯವರಿಗೆ ಹುಲ್ಲುಮಣ್ಣಿನ ಸೂರು ಹೊಸದಲ್ಲ. ಊರಿನ ಮರದ ಮನೆಗಳ ಮೇಲೂ ಹುಲ್ಲೇ ಬೆಳೆಯುತ್ತಿತ್ತು. ನೀವು ಧೈರ್ಯವಾಗಿ ಶುರುಮಾಡುವುದೂ ಅದಕ್ಕೇ, ಎಡವುವುದೂ ಇಲ್ಲೇ. ಊರಲ್ಲಿ ಮಳೆ ತಡೆಯುತ್ತಿದ್ದದ್ದು ಮಣ್ಣಲ್ಲ, ಅದರಡಿ ಪದರಪದರವಾಗಿ ಹಾಸಿದ ಬರ್ಚ್ ಮರದ ತೊಗಟೆ. ಅದಕ್ಕೆ ನೀರು ಇಳಿಯುತ್ತಿರಲಿಲ್ಲ. ತೊಗಟೆ ಗಾಳಿಗೆ ಹಾರದಂತೆ ಭಾರಕ್ಕೆ ಮಣ್ಣು, ಅಷ್ಟೇ.

ಡಕೋಟಾದ ಬಯಲಲ್ಲಿ ಬರ್ಚ್ ಎಲ್ಲಿಂದ ಬರಬೇಕು? ಹೊಳೆಬದಿಯಿಂದ ಒಂದು ತೊಲೆ ಎಳೆದು ತನ್ನಿ. ಅದರ ಮೇಲೆ ಕೊಂಬೆ, ಕೊಂಬೆಯ ಮೇಲೆ ವಿಲೋ ಕಡ್ಡಿ, ಒಣಹುಲ್ಲು, ಕೊನೆಗೆ ಹೆಂಟೆ. ಸೋರುತ್ತದೆ, ಅನುಮಾನ ಬೇಡ. ಹೊರಗೆ ಮಳೆ ನಿಂತ ಮೇಲೂ ಒಳಗೆ ಕೆಸರು ತೊಟ್ಟಿಕ್ಕುತ್ತಿರುತ್ತದೆ. ಅಟ್ಟದಂತೆ ತೆಳುಬಟ್ಟೆ ಬಿಗಿದರೆ ಊಟದ ತಟ್ಟೆಗೆ ಮಣ್ಣು ಬೀಳುವುದು ಕಡಿಮೆ. ಇಲಿ, ಹಾವು ಬಿದ್ದರೂ ಬಟ್ಟೆಯಲ್ಲೇ ನಿಲ್ಲುತ್ತವೆ. ಕೈಯಲ್ಲಿ ದುಡ್ಡಿದ್ದರೆ ಹಲಗೆ, ಟಾರು ಕಾಗದ ಕೊಳ್ಳಿ. ನನ್ನ ಪ್ರಕಾರ ಎರಡನೇ ಎತ್ತಿಗಿಂತ ಮೊದಲು ಅದೇ ಬೇಕು. ಇಷ್ಟಾದರೂ ಮನೆ ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಂಪು. ಹಲಗೆ ಗುಡಿಸಲಲ್ಲಿ ಆ ಸುಖ ಇಲ್ಲ.

ಚಳಿಗೆ ಮುಂಚೆ

ಬೇಸಿಗೆಯ ಹೊತ್ತಿಗೆ ಒಂದೆರಡು ಎಕರೆ ಉತ್ತು ಆಲೂಗಡ್ಡೆ, ಮೆಕ್ಕೆಜೋಳ ಹಾಕಿ. ಹೊಸ ನೆಲದಲ್ಲಿ ಜೋಳಕ್ಕೆ ಕೊಡಲಿಯಿಂದ ಕಚ್ಚು ಮಾಡಿ ಬೀಜ ಇಟ್ಟರೆ ಸಾಕು. ಮನೆ ಸುತ್ತ ಕೆಲವು ಸಾಲು ಉತ್ತು ಬರಿ ಮಣ್ಣು ಮಾಡಿ, ಕಾಳ್ಗಿಚ್ಚು ಅಲ್ಲಿ ನಿಲ್ಲುತ್ತದೆ. ಉರುವಲಿಗೆ ಒಣ ಸಗಣಿ ಆಯ್ದಿಡಿ, ಒಣಹುಲ್ಲನ್ನು ಹುರಿಮಾಡಿ ಗಂಟು ಕಟ್ಟಿಡಿ. ಹುಲ್ಲು ಭರ್ರನೆ ಉರಿದುಹೋಗುತ್ತದೆ. ಅದಕ್ಕೇ ಒಬ್ಬರು ಹುರಿ ಹಾಕುತ್ತಲೇ ಕೂರಬೇಕು.

ನವೆಂಬರ್‌ವರೆಗೆ ಸಮಯ ಇದೆ ಅಂತ ಸುಮ್ನೆ ಕೂರಬೇಡಿ. 1880ರಲ್ಲಿ ಹಿಮಗಾಳಿ ಅಕ್ಟೋಬರ್ 15ಕ್ಕೇ ಬಂತು. ಆ ಚಳಿಗಾಲ ರೈಲುಗಳೂ ಹಿಮದಲ್ಲಿ ಹೂತು ನಿಂತವು. ಮನೆಯಿಂದ ಕೊಟ್ಟಿಗೆಗೆ ಹಗ್ಗ ಕಟ್ಟಿಕೊಳ್ಳಿ. ಅಂಥ ಗಾಳಿಯಲ್ಲಿ ಹತ್ತು ಮಾರು ದೂರದ ಬಾಗಿಲೂ ಕಾಣುವುದಿಲ್ಲ.

ಐದು ವರ್ಷದ ನಂತರ

ಅಲ್ಲೇ ವಾಸ, ಅಲ್ಲೇ ಸಾಗುವಳಿ. ಅವಸರ ಇದ್ದರೆ ಆರು ತಿಂಗಳ ಮೇಲೆ ಎಕರೆಗೆ 1.25 ಡಾಲರ್ ಕಟ್ಟಿಯೂ ಬಿಡಿಸಿಕೊಳ್ಳಬಹುದು. ಇಲ್ಲದಿದ್ದರೆ ಐದು ವರ್ಷ ಕಾಯಿರಿ. ಪತ್ರಿಕೆಯಲ್ಲಿ ಪ್ರಕಟಣೆ ಕೊಡಿ, ಪೌರತ್ವದ ಕಾಗದ ಹಿಡಿದು, ನೀವು ಅಲ್ಲೇ ಇದ್ದಿರಿ ಎಂದು ಹೇಳಲು ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಭೂಕಚೇರಿಗೆ ಹೋಗಿ. ಹಕ್ಕುಪತ್ರ ಆಮೇಲೆ ವಾಷಿಂಗ್ಟನ್‌ನಿಂದ ನಿಧಾನವಾಗಿ ಬರುತ್ತದೆ. ಇನ್ನು ಆ ನೆಲವನ್ನು ಮಾರಬಹುದು, ಅಡವಿಟ್ಟು ಸಾಲ ಎತ್ತಬಹುದು. ಸರ್ಕಾರದ ಹೆಸರಲ್ಲಿದ್ದಷ್ಟು ದಿನ ಇಲ್ಲದ ಭೂತೆರಿಗೆಯನ್ನೂ ಇನ್ನು ನೀವೇ ಕಟ್ಟಬೇಕು.